ಬಿತ್ತುವ ಮುಂಚೆ ಮಳೆ ತೋರಿಸಬೇಡಿ

ಕಂಪ್ಯೂಟರ್‌ನಲ್ಲಿ ಬೇಸಾಯ ಕಲಿಸುತ್ತೇನೆ ಅಂದರೆ ನಮ್ಮೂರಲ್ಲಿ ಈಗಲೂ ನಗುತ್ತಾರೆ. "ಮೌಸಲ್ಲೇ ಉಳುಮೆನಾ?" ಅಂತ ನಮ್ಮ ದೊಡ್ಡಪ್ಪ ಕೇಳಿದ್ದರು. ಮೊದಲ ವರ್ಷ ನಾನು ಪಾಠ ಮಾಡಿದ ರೀತಿಗೆ ಆ ನಗು ಸರಿಯಾಗಿಯೇ ಇತ್ತು ಬಿಡಿ.

ನಾನು ಕೃಷಿ ಡಿಪ್ಲೊಮಾ ಓದುವ ಮಕ್ಕಳಿಗೆ ಮೇಷ್ಟ್ರು. ಪ್ರಾಕ್ಟಿಕಲ್‌ಗೆ ಡಿಎಸ್‌ಎಸ್‌ಎಟಿ ಅನ್ನೋ ತಂತ್ರಾಂಶ ಹಿಡಿದುಕೊಂಡೆ. 1989ರಿಂದ ಇದೆ, 40ಕ್ಕೂ ಹೆಚ್ಚು ಬೆಳೆಗಳಿವೆ. ದಿನದಿನದ ಮಳೆ, ಬಿಸಿಲು, ಉಷ್ಣಾಂಶ, ಜೊತೆಗೆ ಮಣ್ಣು, ತಳಿ, ಬಿತ್ತಿದ ದಿನ, ಹಾಕಿದ ಗೊಬ್ಬರ ಎಲ್ಲ ಕೊಟ್ಟರೆ ಗಿಡ ದಿನಕ್ಕೆ ಎಷ್ಟು ಬೆಳೆಯಿತು ಅಂತ ಲೆಕ್ಕ ಹಾಕಿ ಕೊನೆಗೆ ಇಳುವರಿ ಹೇಳುತ್ತದೆ. ಮಳೆ ನಂಬಿದ ಕಡ್ಲೆಕಾಯಿ ಕೊಟ್ಟು, ಯಾರು ಜಾಸ್ತಿ ಬೆಳೀತೀರೋ ನೋಡೋಣ ಅಂದೆ.

ಅರ್ಧ ಗಂಟೆಯಲ್ಲಿ ಇಡೀ ಕ್ಲಾಸಿನ ಉತ್ತರ ಒಂದೇ! ಒಬ್ಬ ಬಿತ್ತನೆ ದಿನವನ್ನು ಇಪ್ಪತ್ತು ಸಲ ಬದಲಾಯಿಸಿದ್ದ. ಇಳುವರಿ ನೋಡಿಕೊಂಡು ಬಿತ್ತಿದ್ದ ಅನ್ನಿ. ಉಳಿದವರು ಅವನದ್ದು ಕಾಪಿ ಹೊಡೆದಿದ್ದರು. ಆ ಹುಡುಗ ಬಟನ್ ಒತ್ತೋದು ಕಲಿತ, ತೀರ್ಮಾನ ತಗೊಳ್ಳೋದು ಕಲಿಯಲಿಲ್ಲ. ತಪ್ಪು ನನ್ನದೇ.

ಮರುವರ್ಷ ಫೈಲುಗಳನ್ನೆಲ್ಲ ನನ್ನ ಹತ್ತಿರವೇ ಇಟ್ಟುಕೊಂಡೆ. ಯಾವುದೋ ಒಂದು ಹಳೇ ವರ್ಷದ ಮಳೆಯನ್ನು ವಾರಕ್ಕೊಂದರಂತೆ ಚೀಟಿಯಲ್ಲಿ ಬರೆದೆ. ಯಾವ ವರ್ಷ ಅಂತ ಹೇಳಲಿಲ್ಲ. ನಾಲ್ಕು ನಾಲ್ಕು ಜನರ ಗುಂಪು. ಈ ವಾರದ ಚೀಟಿ ಓದಿ, ಬಿತ್ತುತ್ತೀರೋ ಕಾಯುತ್ತೀರೋ ಬರೆದುಕೊಡಿ, ಆಮೇಲೆ ಮುಂದಿನ ಚೀಟಿ. ಬರೆದದ್ದನ್ನು ಹೊಡೆದುಹಾಕುವ ಹಾಗಿಲ್ಲ.

ಕ್ಲಾಸು ಸಂತೆಯಾಯಿತು. ಈ ತಂತ್ರಾಂಶದ ಫೈಲಿನಲ್ಲಿ ದಿನಾಂಕ ಇರಲ್ಲ, ವರ್ಷದ ಎಷ್ಟನೇ ದಿನ ಅಂತ ಇರುತ್ತದೆ. ಚೀಟಿಯಲ್ಲೂ ಹಾಗೇ ಬರೆದಿದ್ದೆ. "ಸರ್, 203ನೇ ದಿನ ಅಂದ್ರೆ ಯಾವ ಮಳೆ?" ಅಂತ ಒಬ್ಬ ಎದ್ದ. ಜುಲೈ 22 ಅಂದೆ. ಹಿಂದಿನ ಬೆಂಚಿನಿಂದ "ಲೇ, ಪುಷ್ಯ ಕಣೋ" ಅಂತ ಉತ್ತರ ಬಂತು. ಅಲ್ಲಿಂದ ಚೀಟಿಗಳ ಮೇಲೆ ಮಳೆ ನಕ್ಷತ್ರವನ್ನೂ ಬರೆಯುತ್ತೇನೆ.

ಜೂನ್ ಕೊನೆಯ ಆರಿದ್ರೆ ಮಳೆಯ ಮೊದಲ ಹದಕ್ಕೇ ಬಿತ್ತಿದ ಗುಂಪಿಗೆ, ಹೂವಿನ ಬುಡದ ಸೂಜಿ ಮಣ್ಣಿಗಿಳಿದು ಕಾಯಿ ಕಟ್ಟುವ ಹೊತ್ತಿಗೆ ಮೂರು ಚೀಟಿ ಸಾಲಾಗಿ ಖಾಲಿ ಬಂದವು. ಮಳೆ ಸೊನ್ನೆ. ಸುಮ್ನೆ ಕಾಗದದ ಚೀಟಿ, ಆದರೂ ಆ ಮಕ್ಕಳ ಮುಖ ನೋಡಬೇಕಿತ್ತು.

ಮತ್ತೆ ಮತ್ತೆ ಓಡಿಸುವ ಬಟನ್ ಕೊಡೋದು ಇದೆಲ್ಲ ಮುಗಿದ ಮೇಲೆ. ಅದೂ ಅದೇ ತೀರ್ಮಾನವನ್ನು 30 ವರ್ಷದ ಮಳೆಗೆ ಹಚ್ಚಿ ನೋಡೋದಕ್ಕೆ. ಯಾವ ರೈತನಿಗೂ ಒಂದೇ ಹೊಲದಲ್ಲಿ ಈ ಅವಕಾಶ ಸಿಗಲ್ಲ ನೋಡಿ. ನಮ್ಮ ಪಾವಗಡ, ಅನಂತಪುರ ಸೀಮೆಯ ಕಡ್ಲೆಕಾಯಿಗೇ ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್ಸಿಯ ಸುಲೋಚನಾ ಗಾಡ್ಗೀಳ್, ಪಿ.ಆರ್. ಶೇಷಗಿರಿ ರಾವ್ ಮತ್ತು ಜೊತೆಗಾರರು ಇಂಥದ್ದೇ ಬೆಳೆ ಮಾದರಿಯಲ್ಲಿ ಬಿತ್ತನೆ ಹೊತ್ತಿನ ಲೆಕ್ಕ ಹಾಕಿ 2002ರಲ್ಲೇ ಪ್ರಬಂಧ ಬರೆದಿದ್ದಾರೆ. ನಾವು ಮಾತ್ರ ಇನ್ನೂ ಅಮೆರಿಕದ ಮೆಕ್ಕೆಜೋಳದ ಸೀಮೆಯ ಉದಾಹರಣೆ ಹಿಡಿದು ಪಾಠ ಮಾಡುತ್ತೇವೆ.

ಆ ಮೆಕ್ಕೆಜೋಳದ ಸೀಮೆಯವರಿಂದ ಕಲಿಯೋದೂ ಇದೆ ಅನ್ನಿ. ಅಲ್ಲಿನ ನೆಬ್ರಾಸ್ಕಾ ವಿಶ್ವವಿದ್ಯಾಲಯ 2017ರಿಂದ ಟ್ಯಾಪ್ಸ್ ಅನ್ನೋ ಸ್ಪರ್ಧೆ ನಡೆಸುತ್ತಿದೆ. ಬೆಳೆ ಇರೋದು ನಿಜವಾದ ಹೊಲದಲ್ಲಿ, ತೀರ್ಮಾನ ಮಾತ್ರ ಸ್ಪರ್ಧಿಗಳದ್ದು. ನೀರು, ಗೊಬ್ಬರದ ಜೊತೆ ವಿಮೆ, ಮಾರಾಟವನ್ನೂ ಅವರೇ ನಿರ್ಧರಿಸಬೇಕು. ಜಾಸ್ತಿ ಇಳುವರಿಗೆ ಬೇರೆ ಬಹುಮಾನ, ಜಾಸ್ತಿ ಲಾಭಕ್ಕೆ ಬೇರೆ. ನಮ್ಮ ಪ್ರಾಕ್ಟಿಕಲ್ ಇಳುವರಿಗೇ ಮುಗಿದುಹೋಗುತ್ತದೆ.

ಪರದೆಯ ಹೊಲಕ್ಕೆ ಕಾಡುಹಂದಿ ಬರಲ್ಲ. ಕೆಂಪು ಕಂಬಳಿ ಹುಳವೂ ತಾನಾಗಿ ಬರಲ್ಲ, ಹಾನಿಯನ್ನು ನಾವೇ ತುಂಬಬೇಕು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಒಬ್ಬ ಹುಡುಗಿ ಹೇಳಿದಳು. ಚೀಟಿ ಆಟದಲ್ಲಿ ಪುಷ್ಯದವರೆಗೆ ಕಾದು ಗೆದ್ದ ಗುಂಪು ಅವಳದ್ದು. ಆದರೆ ಅವರಪ್ಪ ಆ ವರ್ಷ ಆರಿದ್ರೆಗೇ ಬಿತ್ತಿದ್ದರಂತೆ. ಯಾಕೆ, ನೀನು ಹೇಳಲಿಲ್ವಾ ಅಂದೆ.

"ಹೇಳ್ದೆ ಸರ್. ಎಕರೆಗೆ 40 ಕೆಜಿ ಬೀಜ, ಸಾಲ ಮಾಡಿ ತಂದಿದ್ದು. ನಿಮ್ಮ ಕಂಪ್ಯೂಟರಲ್ಲಿ ಕಾದ್ರೆ ಬಡ್ಡಿ ಬೀಳಲ್ಲ."

ಈ ವರ್ಷ ಚೀಟಿಗಳ ಜೊತೆ ಒಂದು ಬಡ್ಡಿ ಚೀಟಿ ಸೇರಿಸಿದ್ದೇನೆ. ತಿಂಗಳಿಗೆ ನೂರಕ್ಕೆ 3 ರೂಪಾಯಿ. ದರ ಅವಳೇ ಹೇಳಿದ್ದು.