ಪರ್ತ್‌ನ ನಾವಿಕ, ನಮ್ಮ ನೇವಿ ಮುತ್ಯಾ

ಏಪ್ರಿಲ್ 25, ಅನ್ಜಾಕ್ ದಿನ. ಯುದ್ಧಗಳಲ್ಲಿ ಮಡಿದ ಸೈನಿಕರನ್ನು ಆಸ್ಟ್ರೇಲಿಯಾ ನೆನೆಯುವ ದಿನ. ನಸುಕಿನಲ್ಲಿ ಇಲ್ಲಿ ಪರ್ತ್‌ನ ಕಿಂಗ್ಸ್ ಪಾರ್ಕ್‌ಗೆ ಹೋದರೆ ಕತ್ತಲಲ್ಲೇ ಸಾವಿರಾರು ಜನ ನಿಂತಿರುತ್ತಾರೆ. ಯಾರೋ ಕೆಮ್ಮಿದ್ದು ಬಿಟ್ಟರೆ ಸದ್ದಿಲ್ಲ. ಕಹಳೆ ಊದಿದ ಮೇಲೆ ಸುಮ್ನೆ ಮನೆಗೆ ಹೊರಡುತ್ತಾರೆ. ನಮ್ಮ ಕಲಬುರಗಿಯಲ್ಲಾದರೆ ಮೈಕು, ಶಾಲು, ಹಾರ, ಮೇಲೆ ಮೂರು ತಾಸು ಭಾಷಣ, ಅಲ್ವಾ?

ಮೊದಲ ಮಹಾಯುದ್ಧದಲ್ಲಿ ಕಾದಿದವರ ಪೈಕಿ ಕೊನೆಯವರಾಗಿ ಉಳಿದಿದ್ದ ಕ್ಲಾಡ್ ಚೂಲ್ಸ್ ಇದೇ ಊರಲ್ಲಿದ್ದರು. ಹುಡುಗನಾಗಿದ್ದಾಗಲೇ ಬ್ರಿಟಿಷ್ ನೌಕಾಪಡೆ ಸೇರಿದವರು. 1919ರಲ್ಲಿ ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋ ಬಂದರಿನಲ್ಲಿ ಜರ್ಮನ್ನರು ತಮ್ಮ ಹಡಗುಗಳನ್ನು ತಾವೇ ಮುಳುಗಿಸಿದ್ದನ್ನು ಕಣ್ಣಾರೆ ಕಂಡವರು. 2011ರ ಮೇ 5ರಂದು ತೀರಿಕೊಂಡಾಗ 110 ವರ್ಷ. ಅದೇ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ನೌಕಾಪಡೆಗೆ ಅವರ ಹೆಸರಿನ ಹಡಗು ಸೇರಿತು. ತಮಾಷೆ ಅಂದ್ರೆ, ಯುದ್ಧವನ್ನು ಮೆರೆಸುವುದು ಅವರಿಗೆ ಆಗಿಬರುತ್ತಿರಲಿಲ್ಲ. ಅನ್ಜಾಕ್ ಮೆರವಣಿಗೆಗೂ ಹೋಗುತ್ತಿರಲಿಲ್ಲ!

ನಮ್ಮ ಓಣಿಯಲ್ಲೂ ಒಬ್ಬರಿದ್ದರು. ಸಮುದ್ರವನ್ನೇ ಕಾಣದ ಊರಲ್ಲಿ ಅವರು 'ನೇವಿ ಮುತ್ಯಾ'. 1971ರ ಪಾಕಿಸ್ತಾನ ಯುದ್ಧದಲ್ಲಿ ವಿಮಾನವಾಹಕ ವಿಕ್ರಾಂತ್ ಹಡಗಿನ ಬಾಯ್ಲರ್ ಕೋಣೆಯಲ್ಲಿದ್ದವರು. ನಾಲ್ಕು ಬಾಯ್ಲರ್‌ಗಳಲ್ಲಿ ಒಂದು ಕೆಟ್ಟಿತ್ತು. ಉಳಿದ ಮೂರರ ಮೇಲೆಯೇ ಹಡಗು ಬಂಗಾಳ ಕೊಲ್ಲಿಗೆ ಹೋಯಿತು, ಅದರ ವಿಮಾನಗಳು ಪೂರ್ವ ಪಾಕಿಸ್ತಾನದ ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ಬಾಂಬು ಹಾಕಿ ಬಂದವು. ಮೇ ತಿಂಗಳಲ್ಲಿ ನಾವು "ಏನ್ ಬಿಸಿಲ್ರೀ ಮುತ್ಯಾ" ಅಂದರೆ, "ಇದ್ಯಾವ ಬಿಸಿಲೋ? ಬಾಯ್ಲರ್ ಮುಂದ ನಿಂತು ನೋಡಬೇಕಿತ್ತು" ಅನ್ನೋರು.

ತೊಂಬತ್ತು ದಾಟಿ ಹೋದರು. ಕಹಳೆ ಊದಲಿಲ್ಲ, ಆದರೆ ಇಡೀ ಓಣಿ ಒಲೆ ಹಚ್ಚದೆ ಅಂಗಳದಲ್ಲಿ ಕೂತಿತ್ತು. ನನಗೆ ಅದೇ ದೊಡ್ಡ ಮರ್ಯಾದೆ. ಒಂದೇ ವಿಷಯದಲ್ಲಿ ಮಾತ್ರ ಇಲ್ಲಿಯವರ ಮುಂದೆ ತಲೆ ತಗ್ಗುತ್ತದೆ. ಇಲ್ಲಿನ ರಾಜ್ಯ ಗ್ರಂಥಾಲಯ ಮುದುಕರ ಮಾತನ್ನು ರೆಕಾರ್ಡ್ ಮಾಡಿ ಇಟ್ಟಿದೆ. ನಾವು ಆ ಬಾಯ್ಲರ್ ಕಥೆಯನ್ನು ಇಪ್ಪತ್ತು ಸಲ ಕೇಳಿದೆವು, ಒಂದು ಸಾಲು ಬರೆದಿಡಲಿಲ್ಲ. ಜೇಬಲ್ಲಿ ಫೋನ್ ಇಟ್ಟುಕೊಂಡು ಕೇಳಿದವರಲ್ಲಿ ನಾನೂ ಒಬ್ಬ.

ವಿಕ್ರಾಂತ್ ಕೂಡ ಉಳಿಯಲಿಲ್ಲ. 1997ರಲ್ಲಿ ನಿವೃತ್ತಿ, ಕೆಲವು ವರ್ಷ ಮುಂಬೈಯಲ್ಲಿ ಮ್ಯೂಸಿಯಂ, 2014ರಲ್ಲಿ ಗುಜರಿಗೆ. ಅದರ ಲೋಹ ಸ್ವಲ್ಪ ಬಜಾಜ್ ವಿ ಬೈಕಿನ ಪೆಟ್ರೋಲ್ ಟ್ಯಾಂಕ್ ಸೇರಿತು. ಮುತ್ಯಾ ಇನ್ನೂ ಇದ್ದಾಗಲೇ ಅವರ ಮೊಮ್ಮಗ ಅದನ್ನೇ ಕೊಂಡ. ಒಂದು ರಣಬಿಸಿಲಿನ ಮಧ್ಯಾಹ್ನ ಬೈಕು ಬಾಗಿಲ ಮುಂದೆ ನಿಂತಿತ್ತು. ಮುತ್ಯಾ ಕೋಲೂರಿಕೊಂಡು ಬಂದು ಟ್ಯಾಂಕಿನ ಮೇಲೆ ಅಂಗೈ ಇಟ್ಟರು. ಚುರ್ ಅಂದಿರಬೇಕು, ಆದರೂ ಕೈ ತೆಗೆಯಲಿಲ್ಲ.

"ಇನ್ನಾ ಆರಿಲ್ಲ ನೋಡು" ಅಂದರು.