ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು?

ಹಂಪಿಯ ಗತವೈಭವವನ್ನು ಮರುಸೃಷ್ಟಿಸಲಾಗುವುದು ಎಂಬ ವಾಕ್ಯವನ್ನು ಪತ್ರಿಕೆಯಲ್ಲಿ ಓದಿ ಓದಿ ರೂಢಿಯಾಗಿಬಿಟ್ಟಿರುವುದರಿಂದ, ಈ ಸಲ ಅದನ್ನು ಹೇಳಿದವರು ಯಾರು ಎಂದು ನೋಡುವ ಕುತೂಹಲವೂ ಈಗ ಉಳಿದಿಲ್ಲ. ಸರ್ಕಾರ ಬದಲಾಗಿದೆ, ಉಸ್ತುವಾರಿ ಸಚಿವರು ಬದಲಾಗಿದ್ದಾರೆ, ಬಳ್ಳಾರಿ ಒಡೆದು 2021ರಲ್ಲಿ ವಿಜಯನಗರವೆಂಬ ಹೊಸ ಜಿಲ್ಲೆಯೇ ಆಗಿದೆ. ವಾಕ್ಯದಲ್ಲಿ ಮಾತ್ರ ಒಂದು ಅಲ್ಪವಿರಾಮವೂ ಕದಲಿಲ್ಲ. ಉತ್ಸವದ ವೇದಿಕೆಯ ಮೇಲೆ ಥರ್ಮಕೋಲಿನ ಕಮಾನು ನಿಲ್ಲುತ್ತದೆ, ಬಣ್ಣದ ದೀಪಗಳು ಬಂಡೆಗಳ ಮೇಲೆ ಹರಿದಾಡುತ್ತವೆ, ಮುತ್ತು ರತ್ನಗಳನ್ನು ಬಳ್ಳದಲ್ಲಿ ಅಳೆದು ಮಾರಿದ ನಾಡು ನಮ್ಮದು ಎಂದು ಭಾಷಣಕಾರರು ಗಂಟಲುಬ್ಬಿಸುತ್ತಾರೆ, ಮತ್ತು ಕುಡಿಯುವ ನೀರು ಎಲ್ಲಿದೆ ಎಂದು ಹುಡುಕುತ್ತ ನಿಂತ ಜನಸ್ತೋಮ ಅದಕ್ಕೆ ಚಪ್ಪಾಳೆ ತಟ್ಟುತ್ತದೆ.

ಚರಿತ್ರೆಯ ಯಾವ ಕಾಲ ನಿಮಗೆ ಇಷ್ಟ ಎಂದು ಕನ್ನಡಿಗರನ್ನು ಕೇಳಿದರೆ ಹೆಚ್ಚಿನವರ ಉತ್ತರ ಇದೇ: ವಿಜಯನಗರ, ಅದರಲ್ಲೂ ಕೃಷ್ಣದೇವರಾಯ ಆಳಿದ 1509ರಿಂದ 1529ರವರೆಗಿನ ಇಪ್ಪತ್ತು ವರ್ಷ. ಇಷ್ಟಪಡಬೇಕಾದ ಕಾಲವೇ ಅದು, ಅನುಮಾನವಿಲ್ಲ. ನನ್ನ ತಕರಾರು ಕಾಲದ ಬಗ್ಗೆ ಅಲ್ಲ, ಆ ಕಾಲದಲ್ಲಿ ನಾವು ನಮಗಾಗಿ ಕಾದಿರಿಸಿಕೊಂಡಿರುವ ಆಸನದ ಬಗ್ಗೆ. ಫೋಟೊ ಕೊಟ್ಟರೆ ಅರೆಕ್ಷಣದಲ್ಲಿ ರಾಜನನ್ನಾಗಿ ಮಾಡಿಕೊಡುವ ಎಐ ಆ್ಯಪ್‌ಗಳು ಬಂದ ಮೇಲೆ ನಮ್ಮ ಬಡಾವಣೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದೇ ಬೆಳಿಗ್ಗೆ ಅಷ್ಟೂ ಮನೆಗಳ ಯಜಮಾನರು ಕೃಷ್ಣದೇವರಾಯರಾದರು. ಸಂಘದ ಖಜಾಂಚಿಯವರು ಎರಡು ಗಾಜಿನ ಕನ್ನಡಕ ಸಮೇತ ಸಿಂಹಾಸನದಲ್ಲಿ ವಿರಾಜಮಾನರಾಗಿದ್ದರು. ಅವರ ಹಿಂದೆ ಚಾಮರ ಬೀಸುತ್ತಿದ್ದ ಸೇವಕನಿಗೆ ಆ ಯಂತ್ರ ಆರು ಬೆರಳು ಕೊಟ್ಟಿತ್ತೇ ಹೊರತು ಸರಿಯಾದ ಒಂದು ಮುಖ ಕೊಟ್ಟಿರಲಿಲ್ಲ. ನನ್ನನ್ನು ಲಾಯದಲ್ಲಿ ಹುಲ್ಲು ಹಾಕುವವನನ್ನಾಗಿ ಮಾಡು ಎಂದು ಯಂತ್ರವನ್ನು ಕೇಳಿದ ಒಬ್ಬ ಪುಣ್ಯಾತ್ಮನೂ ಕಣ್ಣಿಗೆ ಬೀಳಲಿಲ್ಲ.

ರಾಜನಾಗುವುದಾದರೂ ಸುಲಭವೇ? 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಬೆಳಗಾಗುವ ಮುನ್ನವೇ ಎದ್ದು ಒಂದು ದೊಡ್ಡ ಲೋಟದಷ್ಟು ಎಳ್ಳೆಣ್ಣೆ ಕುಡಿಯುವುದು, ಅದೇ ಎಣ್ಣೆಯನ್ನು ಮೈಗೆಲ್ಲ ಬಳಿದುಕೊಳ್ಳುವುದು, ಲಂಗೋಟಿ ಕಟ್ಟಿ ಮಣ್ಣಿನ ಭಾರಗಳನ್ನು ಎತ್ತುವುದು, ಮೈಯ ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಕತ್ತಿ ತಿರುಗಿಸುವುದು, ಆಮೇಲೆ ಜಟ್ಟಿಯೊಬ್ಬನೊಡನೆ ಕುಸ್ತಿ, ಅದರ ಮೇಲೆ ಬೆಳಕು ಹರಿಯುವವರೆಗೆ ಕುದುರೆ ಸವಾರಿ. ಇಷ್ಟೆಲ್ಲ ಆದ ನಂತರ ಸ್ನಾನ. ಎತ್ತರ ಸಾಧಾರಣ, ಮೈ ತುಸು ತುಂಬಿಕೊಂಡದ್ದು, ಮುಖದ ಮೇಲೆ ಸಿಡುಬಿನ ಕಲೆ ಎಂದೂ ಪೇಸ್ ಸೇರಿಸುತ್ತಾನೆ. ನಮ್ಮ ಕಟೌಟುಗಳಲ್ಲಿ ಸಿಡುಬಿನ ಕಲೆ ಮಾಯವಾಗಿ ಆರು ಅಡಿ ಎತ್ತರ ಬಂದಿದೆ. ಎಳ್ಳೆಣ್ಣೆಯ ವಿಷಯವನ್ನಂತೂ ಯಾರೂ ಎತ್ತುವುದಿಲ್ಲ. ಬೆಳಗಿನ ನಡಿಗೆಯೆಂದು ಹೊರಟು ದರ್ಶಿನಿಯ ಮುಂದೆ ನಿಂತು ಖಾಲಿ ದೋಸೆ ತಿನ್ನುವ ರಾಯರಿಗೆ ಅದು ಹಿಡಿಸುವ ಸಂಗತಿಯಲ್ಲ.

ಪೇಸನಿಗಿಂತ ನನಗೆ ಇಷ್ಟ ಅವನ ನಂತರ ಬಂದ ಇನ್ನೊಬ್ಬ ಪೋರ್ಚುಗೀಸ, ನ್ಯೂನಿಜ್. ಅವನು ಕುದುರೆ ವ್ಯಾಪಾರಿ. ಹಾಗಾಗಿ ವೈಭವಕ್ಕೆ ಬೆರಗಾಗುವಷ್ಟು ಬಿಡುವಿರದೆ ಲೆಕ್ಕ ಬರೆದವನು. ಕೃಷ್ಣದೇವರಾಯನಿಗಿಂತ ಮೊದಲು ಆಳಿದ ಸಾಳುವ ನರಸಿಂಹನ ಕಾಲದ ಬಗ್ಗೆ ಅವನು ಹೇಳುವ ಒಂದು ಸಂಗತಿಯನ್ನು ನಮ್ಮ ಲೋಕೋಪಯೋಗಿ ಇಲಾಖೆಯ ಎಲ್ಲ ಕಚೇರಿಗಳಲ್ಲಿ ಚೌಕಟ್ಟು ಹಾಕಿ ತೂಗುಹಾಕಬೇಕು. ಸೈನ್ಯಕ್ಕೆ ಅರಬ್ಬಿ ಕುದುರೆಗಳು ಎಷ್ಟಿದ್ದರೂ ಸಾಲದೆಂಬ ಪರಿಸ್ಥಿತಿಯಲ್ಲಿ ಅರಸ ಕುದುರೆಗಳನ್ನು ಬದುಕಿದ್ದರೂ ಸತ್ತಿದ್ದರೂ ಸಾವಿರ ವರಾಹಕ್ಕೆ ಮೂರರಂತೆ ಕೊಳ್ಳುತ್ತಿದ್ದನಂತೆ. ಸಮುದ್ರದ ದಾರಿಯಲ್ಲೇ ಸತ್ತ ಕುದುರೆಯ ಬಾಲವನ್ನು ಮಾತ್ರ ಕತ್ತರಿಸಿ ತಂದು ತೋರಿಸಿದರೂ ಸಾಕು, ಜೀವಂತ ಕುದುರೆಗೆ ಕೊಡುವಷ್ಟೇ ಹಣ ಸಂದಾಯವಾಗುತ್ತಿತ್ತು. ಇದನ್ನು ಓದಿ ನಗುವ ಹಕ್ಕು ನಮಗಿಲ್ಲ. ಅಂದಿನ ವರ್ತಕ ಕನಿಷ್ಠಪಕ್ಷ ಬಾಲವನ್ನಾದರೂ ತಂದು ಅಧಿಕಾರಿಯ ಮುಂದೆ ಇಡಬೇಕಾಗಿತ್ತು, ಅಧಿಕಾರಿ ಅದನ್ನು ಮುಟ್ಟಿ ಮೂಸಿ ಇದು ಕುದುರೆಯದ್ದೇ, ಕತ್ತೆಯದ್ದಲ್ಲ ಎಂದು ಖಾತ್ರಿಪಡಿಸಿಕೊಳ್ಳಬೇಕಾಗಿತ್ತು. ಇಂದು ತೋಡದ ಬಾವಿಗೆ, ಹಾಕದ ಡಾಂಬರಿಗೆ, ಹೂಳೆತ್ತದ ಕೆರೆಗೆ ಬಿಲ್ ಪಾಸಾಗುವಾಗ ಬಾಲ ಎಲ್ಲಿ ಎಂದು ಕೇಳುವ ಒಬ್ಬ ಗುಮಾಸ್ತನೂ ಇಲ್ಲ. ಗತವೈಭವವನ್ನು ಮರಳಿ ತರುವುದೇ ಆದರೆ ಮೊದಲು ಬಾಲ ತೋರಿಸುವ ಆ ಪದ್ಧತಿಯನ್ನು ತನ್ನಿ ಎಂದು ನಾನು ವಿನಯಪೂರ್ವಕವಾಗಿ ಕೋರುತ್ತೇನೆ.

ಇದೇ ನ್ಯೂನಿಜ್ ಬರೆದ ಇನ್ನೊಂದು ಮಾತು ಯಾವ ಉದ್ಘಾಟನಾ ಭಾಷಣದಲ್ಲೂ ಬರುವುದಿಲ್ಲ. ಭೂಮಿಯೆಲ್ಲ ಅರಸನದು, ಅವನಿಂದ ಅದನ್ನು ಪಡೆದ ನಾಯಕರು ರೈತರಿಗೆ ಕೊಡುತ್ತಾರೆ, ರೈತರು ಬೆಳೆದದ್ದರಲ್ಲಿ ಹತ್ತಕ್ಕೆ ಒಂಬತ್ತು ಪಾಲನ್ನು ಒಡೆಯನಿಗೆ ತೆರುತ್ತಾರೆ, ಜನಸಾಮಾನ್ಯರ ಪಾಡು ಬಹಳ ಕಷ್ಟದ್ದು ಎನ್ನುತ್ತಾನೆ ಅವನು. ಪರದೇಶಿ ವ್ಯಾಪಾರಿಯ ಲೆಕ್ಕ ಸ್ವಲ್ಪ ಹೆಚ್ಚಾಗಿಯೇ ಇರಬಹುದು, ಅರ್ಧಕ್ಕೆ ಇಳಿಸಿಕೊಂಡೇ ಓದೋಣ; ಆಗಲೂ ಬಳ್ಳದಲ್ಲಿ ಅಳೆದ ಮುತ್ತುಗಳು ಯಾವ ಹೊಲದಲ್ಲಿ ಬೆಳೆದವು ಎಂಬುದು ಅರ್ಥವಾಗುತ್ತದೆ. ರಾಜಧಾನಿಯ ಸಂತೆಯಲ್ಲಿ ಗುಬ್ಬಿ, ಇಲಿ, ಬೆಕ್ಕು, ಹಲ್ಲಿಗಳೂ ತಿನ್ನಲು ಮಾರಾಟಕ್ಕೆ ಇರುತ್ತಿದ್ದವು ಎಂದೂ ಅವನು ದಾಖಲಿಸಿದ್ದಾನೆ. ಪೇಸ್ ಕಂಡ ಮಾಣಿಕ್ಯ, ವಜ್ರ, ಪಚ್ಚೆಗಳ ಬೀದಿ ನಮ್ಮ ಬಾಯಿಯಲ್ಲಿ ಗಾದೆಯಾಗಿ ಉಳಿಯಿತು. ಇಲಿ ಮಾರಿದ ಸಂತೆ ಉಳಿಯಲಿಲ್ಲ. ಎರಡೂ ಒಂದೇ ಊರಿನವು.

ಆ ಕಾಲದಲ್ಲಿ ನನಗೆ ನಿಜಕ್ಕೂ ಇಷ್ಟವಾಗುವವನು ರಾಯನೂ ಅಲ್ಲ, ತೆನಾಲಿ ರಾಮನೂ ಅಲ್ಲ. ಕೊಂಡೋಜ ಎಂಬ ಕ್ಷೌರಿಕ. ಸದಾಶಿವರಾಯ ಸಿಂಹಾಸನದ ಮೇಲಿದ್ದು ಅಳಿಯ ರಾಮರಾಯ ಆಡಳಿತ ನಡೆಸುತ್ತಿದ್ದ ದಿನಗಳಲ್ಲಿ, ತನ್ನ ಕೈಚಳಕದಿಂದ ರಾಮರಾಯನನ್ನು ಮೆಚ್ಚಿಸಿದ ಈತ ತನಗಾಗಿ ಊರನ್ನೋ ಹೊನ್ನನ್ನೋ ಬೇಡದೆ ಕ್ಷೌರಿಕರ ಮೇಲಿನ ತೆರಿಗೆಯನ್ನು ಬಿಡಿಸಿದ, ಮತ್ತು ಆ ವಿನಾಯಿತಿಯನ್ನು ಕಲ್ಲಿನ ಮೇಲೆ ಕೆತ್ತಿಸಿದ ಶಾಸನಗಳು ಇಂದಿಗೂ ಇವೆ. ಆಳುವವನ ಗಂಟಲಿನ ಮೇಲೆ ಕತ್ತಿ ಹಿಡಿದು ತೆರಿಗೆಯ ವಿಚಾರ ಮಾತನಾಡುವ ಸೌಲಭ್ಯ ಪ್ರಜಾಪ್ರಭುತ್ವದಲ್ಲಿ ನಮಗೆ ಒದಗಿಲ್ಲ. ಎಸಿ ಸಲೂನಿನ ಬಿಲ್ಲಿನ ಕೆಳಗೆ ಜಿಎಸ್‌ಟಿಯ ಸಾಲನ್ನು ನೋಡುವಾಗಲೆಲ್ಲ ನಾನು ಕೊಂಡೋಜನನ್ನು ನೆನೆಯುತ್ತೇನೆ. ಅವನ ವೇಷ ಹಾಕಿಸಿಕೊಂಡು ಫೋಟೊ ತೆಗೆಸಿಕೊಂಡವರನ್ನು ಈವರೆಗೆ ಕಂಡಿಲ್ಲ.

ಸತ್ತುಹೋದ ಕಾಲ ನಮ್ಮನ್ನು ಇಷ್ಟು ಸೆಳೆಯುವುದು ಏಕೆ ಎಂದರೆ, ಅದು ನಮ್ಮಿಂದ ಏನನ್ನೂ ಕೇಳುವುದಿಲ್ಲ. ಅದರ ತೆರಿಗೆಯನ್ನು ಬೇರೆಯವರು ಕಟ್ಟಿ ಮುಗಿಸಿದ್ದಾರೆ, ಅದರ ಕಲ್ಲುಗಳನ್ನು ಬೇರೆಯವರ ಬೆನ್ನು ಹೊತ್ತಿದೆ, ಮತ್ತು 1565ರ ಜನವರಿಯಲ್ಲಿ ರಕ್ಕಸತಂಗಡಿಯ ಬಳಿ ಎಲ್ಲವೂ ಒಂದೇ ದಿನದ ಯುದ್ಧದಲ್ಲಿ ಕುಸಿದದ್ದರಿಂದ ತಪ್ಪನ್ನು ಹೊರಿಸಲು ಶತ್ರುಗಳೂ ಸಿದ್ಧವಾಗಿ ಸಿಗುತ್ತಾರೆ. ಇಂಥ ಅನುಕೂಲಗಳಿಲ್ಲದ ಕಾಲಕ್ಕೆ ಅಭಿಮಾನಿಗಳೂ ಇಲ್ಲ. 1876ರಿಂದ 78ರವರೆಗಿನ ಬರ ಮೈಸೂರು ಸೀಮೆಯಲ್ಲಿ ಲಕ್ಷಾಂತರ ಜನರನ್ನು ತಿಂದಿತು. ಅದರ ನೆನಪಿಗೆ ಉತ್ಸವ ಸಮಿತಿ ರಚನೆಯಾಗಿಲ್ಲ. 1898ರ ಪ್ಲೇಗು ಬೆಂಗಳೂರಿನ ಇಕ್ಕಟ್ಟಿನ ಪೇಟೆಗಳಿಗೆ ಹೊಕ್ಕಿದ್ದರಿಂದಲೇ ಬಸವನಗುಡಿ, ಮಲ್ಲೇಶ್ವರಗಳಂಥ ಅಗಲ ರಸ್ತೆಗಳ ಬಡಾವಣೆಗಳು ಬೆಳೆದವು. ಅಲ್ಲಿ ಸೈಟಿನ ಬೆಲೆಯನ್ನು ಹೆಮ್ಮೆಯಿಂದ ಹೇಳುವವರು ಅದಕ್ಕಾಗಿ ಇಲಿಗಳಿಗೆ ಕೃತಜ್ಞತೆ ಸಲ್ಲಿಸಿದ್ದನ್ನು ನಾನು ಕೇಳಿಲ್ಲ.

ತಮಾಷೆ ಇಲ್ಲಿಗೆ ಸಾಕು. ವಿರೂಪಾಕ್ಷ ದೇವಾಲಯದ ಎದುರಿನ ರಥಬೀದಿಯಲ್ಲಿ ಉಪ್ಪರಿಗೆಗಳಿರುವ ಚೆಂದದ ಮನೆಗಳಿದ್ದವು, ಯಾತ್ರಿಕರು ಅಲ್ಲಿ ತಂಗುತ್ತಿದ್ದರು ಎಂದು ಪೇಸ್ ಬರೆದಿದ್ದಾನೆ. ಐನೂರು ವರ್ಷಗಳ ನಂತರವೂ ಆ ಬೀದಿಯಲ್ಲಿ ಜನ ಅದನ್ನೇ ಮಾಡುತ್ತಿದ್ದರು: ಸಾಲು ಮಂಟಪಗಳಲ್ಲಿ ಸಂಸಾರ ಹೂಡಿ, ಬಂದವರಿಗೆ ಕೋಣೆ ಕೊಟ್ಟು, ಇಡ್ಲಿ ಬೇಯಿಸಿ, ಹೂವು ಕಾಯಿ ಮಾರಿ ಬದುಕುತ್ತಿದ್ದರು. ಮಂಟಪಕ್ಕೆ ಸಿಮೆಂಟ್ ಗೋಡೆ ಕಟ್ಟಿದ್ದು ತಪ್ಪೇ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಆ ತಪ್ಪು ಒಂದೇ ರಾತ್ರಿಯಲ್ಲಿ ಆದದ್ದಲ್ಲ. ದಶಕಗಟ್ಟಲೆ ಎಲ್ಲರ ಕಣ್ಣೆದುರೇ, ವಿದ್ಯುತ್ ಸಂಪರ್ಕ ಕೊಟ್ಟು ಬಿಲ್ ವಸೂಲಿ ಮಾಡಿದ ವ್ಯವಸ್ಥೆಯ ಕಣ್ಣೆದುರೇ ಆದದ್ದು. 2011ರ ಜುಲೈನಲ್ಲಿ ಬುಲ್ಡೋಜರ್ ಬಂತು, ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಬೀದಿಗೆ ಬಿದ್ದವು, ಅವರಿಗೆ ಹತ್ತಿರದ ಕಡ್ಡಿರಾಂಪುರ ಎಂಬ ಊರಿನತ್ತ ಬೆರಳು ತೋರಿಸಲಾಯಿತು. ಹಂಪಿಯಲ್ಲಿ ಗತವೈಭವದಿಂದ ಜೀವಂತವಾಗಿ ಉಳಿದಿದ್ದ ಬಜಾರು ಅದೊಂದೇ. ಅದನ್ನು ಕೆಡವಿ, ಬರಿದಾದ ಬೀದಿಯ ಬಗ್ಗೆ ಇದು ಜಗತ್ಪ್ರಸಿದ್ಧ ಮಾರುಕಟ್ಟೆಯಾಗಿತ್ತು ಎಂದು ಪ್ರವಾಸಿಗರಿಗೆ ಹೇಳಿಕೊಡುತ್ತಿದ್ದೇವೆ. ಹಾಗೆ ಖಾಲಿ ಮಾಡಿಸಿ ಕಾಪಾಡಿದೆವೇ ಎಂದರೆ ಅದೂ ಇಲ್ಲ; 2024ರ ಮೇ ತಿಂಗಳ ಒಂದು ಮಳೆಗೆ ದೇವಾಲಯದ ಎದುರಿನ ಸಾಲು ಮಂಟಪದ ಒಂದು ಭಾಗ ಕುಸಿದು ಬಿತ್ತು. ಅಲ್ಲಿದ್ದವರನ್ನು ಒಕ್ಕಲೆಬ್ಬಿಸಲು ಇದ್ದ ಅವಸರ ಕಂಬಕ್ಕೆ ಆಧಾರ ಕೊಡಲು ಇರಲಿಲ್ಲ. ಇಷ್ಟಾದ ಮೇಲೂ ವೈಭವ, ವೈಭವ ಎಂದು ಮೈಕಿನ ಮುಂದೆ ಕೂಗುವವರನ್ನು ಕಂಡರೆ ನಗು ಬರುವುದಿಲ್ಲ, ಸುಸ್ತಾಗುತ್ತದೆ.

ಇದಕ್ಕಿಂತ 2019ರಲ್ಲಿ ಕಂಬ ಬೀಳಿಸಿದ ಯುವಕರೇ ಮೇಲು ಅನ್ನಿಸುವುದುಂಟು. ಗಜಶಾಲೆಯ ಹಿಂದಿನ ವಿಷ್ಣು ದೇವಾಲಯದ ಆವರಣದಲ್ಲಿ ಕಲ್ಲಿನ ಕಂಬವನ್ನು ತಳ್ಳಿ ಉರುಳಿಸಿ ಆ ಸಾಹಸದ ವಿಡಿಯೊ ಮಾಡಿಕೊಂಡ ಅವರು ಸಿಕ್ಕಿಬಿದ್ದಾಗ, ಹೊಸಪೇಟೆಯ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ವಿಧಿಸಿ, ಕೆಡವಿದ್ದನ್ನು ಮತ್ತೆ ನಿಲ್ಲಿಸಿ ಎಂದಿತು, ಅವರು ನಿಲ್ಲಿಸಿದರು. ಕೆಡವಿದವರಿಂದಲೇ ಕಟ್ಟಿಸುವ ಈ ವಿಧಾನವನ್ನು ಇನ್ನಷ್ಟು ಜನರಿಗೆ ವಿಸ್ತರಿಸಬಾರದೇಕೆ ಎಂದು ಆಗಾಗ ಯೋಚಿಸುತ್ತೇನೆ, ಆದರೆ ಅಷ್ಟು ಜನರಿಗೆ ಸಾಕಾಗುವಷ್ಟು ಕಂಬಗಳು ಹಂಪಿಯಲ್ಲೂ ಇರಲಾರವು.

ಮುಂದಿನ ಉತ್ಸವಕ್ಕೆ ನನ್ನದೊಂದು ಸಲಹೆ ಇದೆ. ಮರುಸೃಷ್ಟಿ ಎಂದ ಮೇಲೆ ಪೂರ್ತಿಯಾಗಿಯೇ ಆಗಲಿ. ಪ್ರವೇಶದ್ವಾರದಲ್ಲಿ ಪ್ರತಿಯೊಬ್ಬರೂ ಒಂದು ಚೀಟಿ ಎತ್ತಬೇಕು. ಒಂದರಲ್ಲಿ ರಾಯ, ಹತ್ತಿಪ್ಪತ್ತರಲ್ಲಿ ನಾಯಕರು, ಉಳಿದ ಎಲ್ಲದರಲ್ಲಿ ಒಕ್ಕಲುತನ, ಕಲ್ಲು ಹೊರುವುದು, ಆನೆಗೆ ಮೇವು ತರುವುದು, ದಂಡಿನ ಹಿಂದೆ ಗಂಟು ಹೊತ್ತು ನಡೆಯುವುದು. ಒಕ್ಕಲಿನ ಚೀಟಿ ಬಂದವರು ಜೇಬಿನಲ್ಲಿರುವ ಪ್ರತಿ ಹತ್ತು ರೂಪಾಯಿಗೆ ಒಂಬತ್ತನ್ನು ಬಾಗಿಲಲ್ಲೇ ಒಪ್ಪಿಸತಕ್ಕದ್ದು. ರಾಯನ ಚೀಟಿ ಬಂದವರಿಗೆ ಮೊದಲು ಎಳ್ಳೆಣ್ಣೆಯ ಲೋಟ. ಸಚಿವರು, ಶಾಸಕರು, ವಿಐಪಿ ಪಾಸಿನವರು ಕೂಡ ಸಾಲಿನಲ್ಲಿಯೇ ನಿಂತು ಚೀಟಿ ಎತ್ತಬೇಕು, ಮತ್ತು ಲಾಯದಲ್ಲಿ ಲದ್ದಿ ಬಾಚುವ ಕೆಲಸ ಬಂದವರಿಗೆ ಚೀಟಿ ಬದಲಾಯಿಸಿ ಕೊಡತಕ್ಕದ್ದಲ್ಲ.