ಸೀಟಿನ ಕೆಳಗೆ ಬ್ಯಾಗಿದೆ ಅಂದಮಾತ್ರಕ್ಕೆ ಪಂಕ್ಚರ್‌ಗೆ ತಯಾರಿದ್ದೀರಿ ಎಂದಲ್ಲ

ಸೈಕಲ್ಲಿನ ಸೀಟಿನ ಕೆಳಗೆ ಪುಟ್ಟ ಬ್ಯಾಗು ಕಟ್ಟಿಕೊಂಡವರಲ್ಲಿ ಬಹಳ ಮಂದಿ ಅದನ್ನು ತುಂಬಿಸಿದ ದಿನದಿಂದ ಮತ್ತೆ ಬಿಚ್ಚಿಯೇ ಇರುವುದಿಲ್ಲ. ಬಿಚ್ಚಿದರೆ ಬೇರೆ ಅಳತೆಯ ಟ್ಯೂಬು, ವಾಲ್ವಿಗೆ ಕೂರದ ಪಂಪು, ಎಂದೋ ಮುಚ್ಚಳ ತೆಗೆದು ಈಗ ಕಲ್ಲಾಗಿರುವ, ಪ್ಯಾಚು ಅಂಟಿಸುವ ಸೊಲ್ಯೂಷನ್ ಸಿಗುತ್ತವೆ. ನನ್ನ ವಾದ ಇಷ್ಟೇ: ಮನೆಯಲ್ಲಿ ಪುರುಸೊತ್ತಾಗಿ ಕೂತು, ಆ ಬ್ಯಾಗಿನಲ್ಲಿರುವ ಸಾಮಾನನ್ನು ಮಾತ್ರ ಬಳಸಿ, ಹಿಂದಿನ ಚಕ್ರ ಬಿಚ್ಚಿ, ಟ್ಯೂಬು ಬದಲಿಸಿ, ಪೂರ್ತಿ ಗಾಳಿ ಹೊಡೆದು ನೋಡುವವರೆಗೆ ನಿಮ್ಮ ಹತ್ತಿರ ಕಿಟ್ ಇಲ್ಲ ಎಂದೇ ಲೆಕ್ಕ. ಮನೆಯ ದೊಡ್ಡ ಪಂಪನ್ನು ಮುಟ್ಟಕೂಡದು, ಪಕ್ಕದಲ್ಲಿರುವ ಪಾನಾ ಎತ್ತಿಕೊಳ್ಳಕೂಡದು. ಏನು ಕಡಿಮೆ ಇದೆ ಎಂಬುದು ಆಗ ತಾನಾಗಿಯೇ ಗೊತ್ತಾಗುತ್ತದೆ.

ಹಿಂದಿನ ಚಕ್ರವೇ ಯಾಕೆಂದರೆ ಪಂಕ್ಚರ್ ಹೆಚ್ಚಾಗಿ ಅಲ್ಲೇ ಆಗುವುದು. ಭಾರ ಜಾಸ್ತಿ ಬೀಳುವುದೂ ಅದರ ಮೇಲೆಯೇ. ಜೊತೆಗೆ, ನೆಲದಲ್ಲಿ ಮಲಗಿದ್ದ ಮೊಳೆಯನ್ನು ಮುಂದಿನ ಚಕ್ರ ಎಬ್ಬಿಸಿ ಹೋಗುತ್ತದೆ, ಹಿಂದಿನದು ಚುಚ್ಚಿಸಿಕೊಳ್ಳುತ್ತದೆ.

ಟ್ಯೂಬಿನ ಅಳತೆಗೆ ಇಂಚಿನ ಲೆಕ್ಕ ನಂಬಬೇಡಿ. 26 ಇಂಚು ಎಂಬ ಒಂದೇ ಹೆಸರಿನಲ್ಲಿ 559 ಮಿಲಿಮೀಟರಿನ ರಿಮ್ಮೂ ಇದೆ, 590ರದ್ದೂ ಇದೆ. ಹೆಸರು ಬೇರೆಯಾದ 700ಸಿ ಮತ್ತು 29 ಇಂಚು ಮಾತ್ರ ಎರಡೂ 622. ಟಯರಿನ ಪಕ್ಕದಲ್ಲಿ 28-622 ಎಂಬಂತೆ ಅಚ್ಚಾಗಿರುತ್ತದೆ. ಮೊದಲನೆಯದು ಟಯರಿನ ಅಗಲ, ಎರಡನೆಯದು ಟಯರು ಕೂರುವ ಜಾಗದಲ್ಲಿ ರಿಮ್ಮಿನ ವ್ಯಾಸ. ಕೊಳ್ಳುವ ಟ್ಯೂಬಿನ ಡಬ್ಬಿಯ ಮೇಲೆ ಆ ಎರಡನೆಯ ಸಂಖ್ಯೆ ಇರಬೇಕು, ನಿಮ್ಮ ಟಯರಿನ ಅಗಲ ಅದು ಹೇಳುವ ಮಿತಿಯೊಳಗೆ ಬರಬೇಕು. ತೀರಾ ಅಗತ್ಯ ಬಿದ್ದರೆ ಸ್ವಲ್ಪ ಸಣ್ಣ ಟ್ಯೂಬು ಹಿಗ್ಗಿ ಮನೆ ಮುಟ್ಟಿಸೀತು. ದೊಡ್ಡದನ್ನು ಸಣ್ಣ ಟಯರಿಗೆ ತುರುಕಿದರೆ ಮಡಚಿಕೊಂಡು ಆ ಮಡಿಕೆಯಲ್ಲೇ ಸೀಳುತ್ತದೆ.

ವಾಲ್ವಿನದು ಇನ್ನೊಂದು ತಕರಾರು. ಮೋಟರ್‌ಬೈಕಿನಲ್ಲಿರುವ ದಪ್ಪ ವಾಲ್ವು ಶ್ರೇಡರ್. ತೆಳ್ಳಗಿದ್ದು ತುದಿಯಲ್ಲಿ ಪುಟ್ಟ ತಿರುಪು ಇರುವುದು ಪ್ರೆಸ್ಟಾ. ಪ್ರೆಸ್ಟಾ ರಿಮ್ಮಿನ ತೂತು ಸುಮಾರು 6.5 ಮಿ.ಮೀ., ಶ್ರೇಡರ್ ರಿಮ್ಮಿನದು 8.5. ಹಾಗಾಗಿ ಪ್ರೆಸ್ಟಾ ರಿಮ್ಮಿಗೆ ಶ್ರೇಡರ್ ಟ್ಯೂಬು ಹೋಗುವುದೇ ಇಲ್ಲ. ರಿಮ್ಮು ಆಳವಾಗಿದ್ದರೆ ವಾಲ್ವಿನ ಉದ್ದವನ್ನೂ ನೋಡಬೇಕು. ರಿಮ್ಮಿನ ಆಳಕ್ಕಿಂತ 15–20 ಮಿ.ಮೀ. ಉದ್ದ ಇಲ್ಲದಿದ್ದರೆ ಪಂಪಿನ ಬಾಯಿಗೆ ಹಿಡಿತ ಸಿಗುವುದಿಲ್ಲ. ಪ್ರೆಸ್ಟಾದ ತಿರುಪನ್ನು ಸಡಿಲಿಸದೆ ಪಂಪು ಒತ್ತಿ ಬೆವರಿಳಿಸಿಕೊಂಡು, ಕೊನೆಗೆ ಪಂಪು ಕೆಟ್ಟಿದೆ ಎಂದು ಬಯ್ಯುವವರೂ ಇದ್ದಾರೆ.

ಕೈಪಂಪು ಕೊಳ್ಳುವಾಗ ಸಣ್ಣ ರಬ್ಬರ್ ಪೈಪು ಇರುವುದನ್ನೇ ಆರಿಸಿ. ನೇರವಾಗಿ ವಾಲ್ವಿಗೆ ಸಿಕ್ಕಿಸುವ ಪಂಪಿನಲ್ಲಿ ಪ್ರತಿ ಒತ್ತಿಗೂ ವಾಲ್ವು ಆಚೀಚೆ ಬಾಗುತ್ತದೆ, ಬುಡದಲ್ಲಿ ರಬ್ಬರು ಹರಿಯುತ್ತದೆ. ಹರಿದ ಬುಡಕ್ಕೆ ಪ್ಯಾಚು ಹಾಕಲು ಬರುವುದಿಲ್ಲ, ಆ ಟ್ಯೂಬು ಹೋದಂತೆಯೇ. ಒತ್ತಿ ತುಂಬಿದ ಅನಿಲದ ಪುಟ್ಟ ಡಬ್ಬಿ, ಅಂದರೆ ಕಾರ್ಬನ್ ಡೈಆಕ್ಸೈಡ್ ಕಾರ್ಟ್ರಿಜ್ ಬೇಗ ಕೆಲಸ ಮುಗಿಸುತ್ತದೆ, ನಿಜ. 16 ಗ್ರಾಮಿನದು ಒಂದು ತೆಳು ರೋಡ್ ಟಯರಿಗೆ ಸಾಕು, ಅಗಲದ ಮೌಂಟೇನ್ ಟಯರಿಗೆ ಸಾಲದು. ಆ ಅನಿಲ ರಬ್ಬರಿನ ಮೂಲಕ ಗಾಳಿಗಿಂತ ಬೇಗ ಸೋರಿಹೋಗುವುದರಿಂದ ಮಾರನೇ ದಿನ ಪೂರ್ತಿ ಇಳಿಸಿ ಮಾಮೂಲಿ ಗಾಳಿ ತುಂಬಬೇಕು. ಪಂಪು ಬಿಟ್ಟು ಕಾರ್ಟ್ರಿಜ್ ಒಂದನ್ನೇ ನಂಬಿ ಹೊರಡುವುದು ನನ್ನ ದೃಷ್ಟಿಯಲ್ಲಿ ಜೂಜು. ಸರಿಯಾಗಿ ಕೂರಿಸದೆ ಒಮ್ಮೆ ಬುಸ್ ಎಂದರೆ ಮುಗಿಯಿತು.

ಈಗ ಚಕ್ರ ಬಿಚ್ಚುವ ಕೆಲಸ. ಗೇರು ಇದ್ದರೆ ಮೊದಲು ಚೈನನ್ನು ಹಿಂದಿನ ಅತಿ ಚಿಕ್ಕ ಹಲ್ಲುಚಕ್ರಕ್ಕೆ ತನ್ನಿ, ಚಕ್ರ ಸಲೀಸಾಗಿ ಹೊರಬರುತ್ತದೆ. ನಟ್ಟು ಹಾಕಿದ ಚಕ್ರವಾದರೆ ಸಾಮಾನ್ಯವಾಗಿ 15 ಮಿ.ಮೀ. ಪಾನಾ ಬೇಕು, ಥ್ರೂ ಆಕ್ಸಲ್ (ಚಕ್ರದ ನಡುವೆ ತೂರಿಸಿ ತಿರುಪುವ ಅಚ್ಚು) ಆದರೆ ಹೆಚ್ಚಾಗಿ 6 ಮಿ.ಮೀ. ಅಲೆನ್ ಕೀ. ಡಿಸ್ಕ್ ಬ್ರೇಕಿನವರು ಚಕ್ರ ಹೊರಗಿರುವಾಗ ಬ್ರೇಕು ಹಿಡಿಯಬಾರದು. ದ್ರವದ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಬ್ರೇಕು ಆಗಿದ್ದರೆ ಪ್ಯಾಡುಗಳು ಒಂದಕ್ಕೊಂದು ಅಂಟಿಕೊಂಡು ಡಿಸ್ಕು ಒಳಗೆ ಹೋಗುವುದಿಲ್ಲ.

ಟಯರು ಬಿಚ್ಚಲು ಬಲ ಬೇಡ. ರಿಮ್ಮಿನ ನಡುವೆ ಒಂದು ತಗ್ಗು ಇದೆ. ಉಳಿದ ಗಾಳಿಯನ್ನೆಲ್ಲ ಹೊರಹಾಕಿ, ಟಯರಿನ ಎರಡೂ ಅಂಚನ್ನು ಸುತ್ತಲೂ ಒತ್ತಿ ಆ ತಗ್ಗಿಗೆ ಇಳಿಸಿದರೆ ಒಂದಿಷ್ಟು ಸಡಿಲ ಸಿಗುತ್ತದೆ. ಆಮೇಲೆ ಅಂಚನ್ನು ಮೀಟಲು ಎರಡು ಪ್ಲಾಸ್ಟಿಕ್ ಲಿವರ್ ಸಾಕು. ಸ್ಕ್ರೂಡ್ರೈವರ್ ಹಾಕಿದರೆ ಒಂದಿದ್ದ ತೂತು ಎರಡಾಗುತ್ತದೆ.

ಇಲ್ಲಿಂದ ಮುಂದೆ ಆತುರ ಮಾಡುವುದರಿಂದಲೇ ಹೊಸ ಟ್ಯೂಬು ಹಾಕಿ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಮತ್ತೆ ಗಾಳಿ ಹೋಗುವುದು. ಚುಚ್ಚಿದ ವಸ್ತು ಟಯರಿನಲ್ಲೇ ಕೂತಿರುತ್ತದೆ. ಆದ್ದರಿಂದ ಹಳೆ ಟ್ಯೂಬನ್ನು ಟಯರಿನಿಂದ ಎಳೆದು ಬಿಸಾಡಬೇಡಿ, ಯಾವ ಮಗ್ಗುಲು ಯಾವ ಕಡೆಗಿತ್ತು ಎಂದು ನೆನಪಿಟ್ಟುಕೊಂಡು ಗಾಳಿ ತುಂಬಿ ತೂತು ಹುಡುಕಿ. ಸದ್ದು ಕೇಳದಿದ್ದರೆ ತುಟಿಯ ಹತ್ತಿರ ಹಿಡಿದು ತಿರುಗಿಸಿ. ಬೆರಳಿಗೆ ತಿಳಿಯದ ಗಾಳಿ ತುಟಿಗೆ ತಿಳಿಯುತ್ತದೆ. ವಾಲ್ವಿನಿಂದ ತೂತು ಎಷ್ಟು ದೂರವಿದೆಯೋ ಅಷ್ಟೇ ದೂರದಲ್ಲಿ ಟಯರನ್ನು ನೋಡಬೇಕು. ಟಯರು ಹಾಕುವಾಗಲೇ ಅದರ ಮೇಲಿನ ಹೆಸರನ್ನು ವಾಲ್ವಿನ ನೇರಕ್ಕೆ ಇಟ್ಟಿದ್ದರೆ ಈ ಹುಡುಕಾಟ ನಿಮಿಷದ ಕೆಲಸ.

ತೂತು ಎಲ್ಲಿದೆ ಎಂಬುದೇ ಕಾರಣ ಹೇಳಿಬಿಡುತ್ತದೆ. ಹೊರಮಗ್ಗುಲಲ್ಲಿ ಒಂದೇ ತೂತಿದ್ದರೆ ಮುಳ್ಳು, ಗಾಜು, ಇಲ್ಲವೇ ಲಾರಿ ಟಯರು ಸಿಡಿದಾಗ ರಸ್ತೆಯಲ್ಲಿ ಉದುರುವ ಕೂದಲೆಳೆಯಂಥ ಉಕ್ಕಿನ ತಂತಿ. ಈ ತಂತಿ ಕಣ್ಣಿಗೆ ಬೀಳುವುದಿಲ್ಲ. ಟಯರಿನ ಒಳಗೆ ಬಟ್ಟೆಯ ತುಂಡೊಂದನ್ನು ಎರಡೂ ದಿಕ್ಕಿನಲ್ಲಿ ಸವರಿ, ಎಲ್ಲಿ ನೂಲು ಸಿಕ್ಕಿಕೊಳ್ಳುತ್ತದೋ ಅಲ್ಲಿದೆ. ಅಕ್ಕಪಕ್ಕ ಎರಡು ಸೀಳು ಕಂಡರೆ ಏನೂ ಚುಚ್ಚಿಲ್ಲ, ಗಾಳಿ ಕಡಿಮೆ ಇದ್ದು ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬು ಜಜ್ಜಿಹೋಗಿದೆ. ತೂತು ರಿಮ್ಮಿನ ಮಗ್ಗುಲಲ್ಲಿದ್ದರೆ ಕಡ್ಡಿಯ ತೂತುಗಳನ್ನು ಮುಚ್ಚುವ ರಿಮ್ಮಿನ ಪಟ್ಟಿ ಸರಿದು ಕಡ್ಡಿಯ ತೂತಿನ ಚೂಪು ಅಂಚೋ ಕಡ್ಡಿಯ ತುದಿಯೋ ತಾಗುತ್ತಿದೆ. ಪಟ್ಟಿ ಸರಿಮಾಡದೆ ಹೊಸ ಟ್ಯೂಬು ಹಾಕಿ ಪ್ರಯೋಜನವಿಲ್ಲ. ಟಯರೇ ಸೀಳಿ ಟ್ಯೂಬು ಇಣುಕುತ್ತಿದ್ದರೆ ಒಳಗಿನಿಂದ ಹಳೆ ಟಯರಿನ ತುಂಡನ್ನೋ ಖಾಲಿ ಟೂತ್‌ಪೇಸ್ಟ್ ಟ್ಯೂಬಿನ ತುಂಡನ್ನೋ ಇಟ್ಟು ಮುಂದುವರಿಯಬಹುದು. ಅಂಥ ಒಂದು ತುಂಡು ಬ್ಯಾಗಿನಲ್ಲಿ ಇರಲಿ, ತೂಕವೇನಿಲ್ಲ.

ಹೊಸ ಟ್ಯೂಬಿಗೆ ಆಕಾರ ಬರುವಷ್ಟು ಗಾಳಿ ತುಂಬಿಯೇ ಒಳಗೆ ಕೂರಿಸಿ, ತಿರುಚಿಕೊಳ್ಳುವುದಿಲ್ಲ. ಟಯರಿನ ಅಂಚನ್ನು ವಾಲ್ವಿನ ಎದುರು ಬದಿಯಿಂದ ಶುರು ಮಾಡಿ ವಾಲ್ವಿನ ಹತ್ತಿರ ಮುಗಿಸಬೇಕು, ಲಿವರ್ ಬಳಸದೆ ಅಂಗೈಯಿಂದಲೇ. ಕೊನೆಯಲ್ಲಿ ವಾಲ್ವನ್ನು ಒಮ್ಮೆ ಒಳಗೆ ಒತ್ತಿ ಬಿಡಿ. ಸುತ್ತಲೂ ಟಯರನ್ನು ಹಿಂಡಿ ಟ್ಯೂಬು ಎಲ್ಲಾದರೂ ಅಂಚಿನಡಿ ಸಿಕ್ಕಿದೆಯೇ ನೋಡಿಯೇ ಗಾಳಿ ಹೊಡೆಯಿರಿ.

ಪ್ಯಾಚು ಹಾಕುವುದು ಮನೆಯ ಕೆಲಸ ಎನ್ನುವ ಪಕ್ಷ ನನ್ನದು. ದಾರಿಯಲ್ಲಿ ಟ್ಯೂಬು ಬದಲಿಸುವುದೇ ಸರಿ, ಪ್ಯಾಚು ಎರಡನೇ ಪಂಕ್ಚರ್‌ಗೆ ಇರಲಿ. ಪ್ಯಾಚು ಕಿತ್ತು ಬರುವುದಕ್ಕೆ ಮುಖ್ಯ ಕಾರಣ ಸೊಲ್ಯೂಷನ್ ಹಸಿಯಿರುವಾಗಲೇ ಅಂಟಿಸುವುದು. ತೂತಿನ ಸುತ್ತ ಹೊಳಪು ಹೋಗುವಂತೆ ಉಪ್ಪುಕಾಗದದಿಂದ ಉಜ್ಜಿ, ಟ್ಯೂಬಿನ ಮೇಲಿನ ಅಚ್ಚಿನ ಗೆರೆ ಅಡ್ಡ ಬಂದರೆ ಅದನ್ನೂ ಸಪಾಟು ಮಾಡಿ, ಪ್ಯಾಚಿಗಿಂತ ಅಗಲಕ್ಕೆ ತೆಳ್ಳಗೆ ಸವರಿ. ಹಸಿ ಹೊಳಪು ಆರಲು ಸುಮಾರು 5 ನಿಮಿಷ ಬೇಕು. ಆಮೇಲೆ ಬಲವಾಗಿ ಒತ್ತಿ. ಸೊಲ್ಯೂಷನ್ ಬೇಡದ ಸ್ಟಿಕರ್ ಪ್ಯಾಚುಗಳನ್ನು ತಾತ್ಕಾಲಿಕ ಎಂದೇ ತಿಳಿಯಿರಿ.

ಟ್ಯೂಬ್‌ಲೆಸ್‌ನವರಿಗೂ ಬಿಡುಗಡೆ ಇಲ್ಲ. ಸಣ್ಣ ತೂತನ್ನು ತಾನಾಗಿ ಮುಚ್ಚುವ ಒಳಗಿನ ದ್ರವ, ಅಂದರೆ ಸೀಲೆಂಟ್, ಕೆಲವು ತಿಂಗಳಲ್ಲಿ ಒಣಗುತ್ತದೆ, ಮತ್ತೆ ತುಂಬಬೇಕು. ದೊಡ್ಡ ಸೀಳಿಗೆ ತುರುಕುವ ಪ್ಲಗ್ಗು, ಅದೂ ಆಗದಿದ್ದರೆ ಟ್ಯೂಬು. ಆದರೆ ಟ್ಯೂಬು ಹಾಕುವ ಮುಂಚೆ ಟಯರಿನ ಒಳಗನ್ನು ಪೂರ್ತಿ ತಡವಿ ನೋಡಿ. ಇಷ್ಟು ದಿನ ಸೀಲೆಂಟ್ ಮುಚ್ಚಿಟ್ಟಿದ್ದ ಮುಳ್ಳುಗಳೆಲ್ಲ ಅಲ್ಲೇ ಇರುತ್ತವೆ. ಟ್ಯೂಬು ಹಾಕಲು ತೆಗೆಯಬೇಕಾದ ರಿಮ್ಮಿನ ವಾಲ್ವಿನ ನಟ್ಟು ಬೆರಳಿಗೆ ಬಿಚ್ಚಿಕೊಳ್ಳುತ್ತದೆಯೇ ಎಂದೂ ಮನೆಯಲ್ಲೇ ಪರೀಕ್ಷಿಸಿ.

ಇನ್ನು ಟ್ಯೂಬನ್ನು ಬ್ಯಾಗಿನಲ್ಲಿ ಇಡುವ ಬಗೆ. ಲಿವರು, ಅಲೆನ್ ಕೀ ಜೊತೆ ಹಾಗೇ ತುರುಕಿದರೆ ಕುಲುಕಾಟಕ್ಕೆ ಉಜ್ಜಿ ಬ್ಯಾಗಿನಲ್ಲೇ ತೂತಾಗುತ್ತದೆ. ಹಳೆ ಕಾಲುಚೀಲದಲ್ಲಿ ಸುತ್ತಿಡಿ; ಬಟ್ಟೆಯ ತುಂಡು ಬೇಕಾದಾಗ ಅದೇ ಆಗುತ್ತದೆ.